ಎಡಗಣ್ಣು ಮತ್ತು ಐದನೆಯ ಪಟ್ಟಿ

ಹೆಂಡತಿಯ ಸ್ಕೂಟರಿನ ಹಿಂದೆ ಕೂತ ಗಂಡಸು ಕೈಗಳನ್ನು ಎಲ್ಲಿಡಬೇಕು ಎನ್ನುವುದು ಆರು ವಾರವಾದರೂ ನ್ಯೋಮನ್‌ಗೆ ಬಗೆಹರಿದಿರಲಿಲ್ಲ. ಸೊಂಟ ಹಿಡಿದರೆ ಐವತ್ತೆಂಟರ ವಯಸ್ಸಿನಲ್ಲಿ ಹೊಸ ಮದುವೆಗಂಡಿನ ಹಾಗೆ ಕಾಣುತ್ತದೆ. ತೊಡೆಯ ಮೇಲಿಟ್ಟುಕೊಂಡರೆ ಗುಡಿಗೆ ಹೊರಟ ಅಜ್ಜಿಯ ಹಾಗೆ. ಹಿಂದಿನ ಕಂಬಿ ಹಿಡಿದುಕೊಂಡರಂತೂ ರಸ್ನಿಗೆ ಸಿಟ್ಟೇ ಬರುತ್ತದೆ. "ನನ್ನ ಮೇಲೆ ನಂಬ್ಕೆ ಇಲ್ಲ ಅಂದ್ರೆ ಇಳಿದು ನಡ್ಕೊಂಡು ಬಾ ಬ್ಲಿ, ದೆನ್ಪಸಾರ್ ಆಸ್ಪತ್ರೆ ಇನ್ನೇನು ನಲವತ್ತು ಕಿಲೋಮೀಟರ್" ಎಂದು ಹೆಲ್ಮೆಟ್ಟಿನೊಳಗಿಂದಲೇ ಕೂಗುತ್ತಾಳೆ. ಗಂಡನನ್ನು ಅವಳು ಬ್ಲಿ ಎಂದೇ ಕರೆಯುವುದು. ಕೊನೆಗೆ ಅವನು ಒಂದು ಕೈಯಲ್ಲಿ ಅವಳ ಜಾಕೀಟಿನ ತುದಿ, ಇನ್ನೊಂದರಲ್ಲಿ ಆಸ್ಪತ್ರೆಯ ಕಾಗದದ ಚೀಲ ಹಿಡಿದು ಕೂತಿದ್ದ. ಎಡಕ್ಕೆ ಕಡಲಿತ್ತು, ಆದರೆ ಅವನ ಪಾಲಿಗೆ ಇರಲಿಲ್ಲ. ಉಪ್ಪಿನ ವಾಸನೆ ಬಂದಾಗ ಇದ್ದಿರಬೇಕು ಅಂದುಕೊಳ್ಳುತ್ತಿದ್ದ. ಎಡಗಣ್ಣಿನ ಮೇಲ್ರೆಪ್ಪೆಯಲ್ಲಿ ಗಂಟೊಂದು ಬೆಳೆದು, ಅದು ಒಳ್ಳೆಯ ಜಾತಿಯ ಗಂಟಲ್ಲವೆಂದು ಗೊತ್ತಾಗಿ, ಡಾಕ್ಟರ್ ತಿಯೂರ್ ಗಂಟಿನ ಜೊತೆ ರೆಪ್ಪೆಯನ್ನೇ ತೆಗೆದುಬಿಟ್ಟಿದ್ದರು. ರೆಪ್ಪೆಯಿಲ್ಲದ ಕಣ್ಣನ್ನು ಹಾಗೇ ಬಿಡುವಂತಿಲ್ಲವಲ್ಲ, ಒಣಗಿ ಕುರುಡಾಗುತ್ತದೆ. ಅದಕ್ಕೆ ಕೆಳರೆಪ್ಪೆಯ ಅಂಚನ್ನು ಹಾಗೇ ಉಳಿಸಿ, ಅದರ ಕೆಳಗಿನ ಚರ್ಮವನ್ನು ಬುಡ ಕಡಿಯದಂತೆ ಎಬ್ಬಿಸಿ, ಅಂಚಿನ ಹಿಂದಿನಿಂದ ತೂರಿಸಿ ಮೇಲಕ್ಕೆಳೆದು ಹೊಲಿದಿದ್ದರು. ಹೊಸ ರೆಪ್ಪೆ ಜೋತು ಬೀಳಬಾರದೆಂದು ಒಳಗೆ ಗಟ್ಟಿಗೆ ಅವನ ಎಡಗಿವಿಯಿಂದಲೇ ಕೆತ್ತಿ ತೆಗೆದ ಮೆತ್ತನೆಯ ಎಲುಬಿನ ಒಂದು ಚೂರು. ಅದು ಮೇಲಿನ ರಕ್ತ ಕುಡಿದು ಬದುಕುವುದನ್ನು ಕಲಿಯಲಿ, ಆರು ವಾರ ಕಣ್ಣು ಮುಚ್ಚಿಯೇ ಇರಲಿ, ಆಮೇಲೆ ಅಡ್ಡಕ್ಕೆ ಕೊಯ್ದು ಬಾಗಿಲು ತೆಗೆಯುತ್ತೇನೆ ಎಂದಿದ್ದರು. ಇವತ್ತು ಬಾಗಿಲು ತೆಗೆಯುವ ದಿನ.

ಕಣ್ಣಿನದು ಅವನಿಗೆ ಅಂಥ ಚಿಂತೆಯಾಗಿರಲಿಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ನಂಬದಿರಲು ಕಾರಣವೂ ಇತ್ತು, ಅವನೇ ಒಂದು ವರ್ಷ ಆ ಕಣ್ಣಿನಿಂದ ಊರಿನ ನಗೆಪಾಟಲಾಗಿದ್ದ. ರೆಪ್ಪೆಯ ಮೇಲೆ ಗುಳ್ಳೆಯೆದ್ದರೆ ಹೆಂಗಸರು ಸ್ನಾನ ಮಾಡುವುದನ್ನು ಕದ್ದು ನೋಡಿದ್ದಾನೆ ಅಂತಲೇ ಲೆಕ್ಕ, ಅದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಮೊದಲ ಸಲ ಗುಳ್ಳೆ ಕಂಡಾಗ ಕಾಫಿ ಅಂಗಡಿಯವನು, "ಯಾವ ಝರಿ ಪಾಕ್ ನ್ಯೋಮನ್? ಮೇಲಿಂದೋ ಕೆಳಗಿಂದೋ?" ಎಂದು ಕೇಳಿದ್ದ. ಎರಡನೆಯ ಸಲ ಝರಿಯ ದಾರಿಯಲ್ಲಿ ಎದುರಾದ ಹೆಂಗಸರು ಬಕೆಟ್ಟುಗಳನ್ನು ಎದೆಗೆ ಅವಚಿಕೊಂಡು, ಅಯ್ಯೋ ಬಂದ ಬಂದ ಎಂದು ಕಿರುಚಿ ನಕ್ಕಿದ್ದರು. ಹಾಗೆ ಕಿರುಚಿದವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಎಲ್ಲರಿಗಿಂತ ಜೋರಾಗಿ ನಕ್ಕವಳು ರಸ್ನಿ. "ನಾನು ಮನೇಲೇ ಸ್ನಾನ ಮಾಡ್ತೀನಲ್ಲ, ದುಡ್ಡು ಕೊಡದೆ ನೋಡ್ಬೋದಿತ್ತು" ಎಂದು ಅಡಿಗೆಮನೆಯಿಂದ ಕೂಗಿದ್ದಳು. ಅವನಿಗೆ ನಾಚಿಕೆಯೂ ಆಗಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ. ಆ ನಾಚಿಕೆಗೆ ಅಂಜಿ ಡಾಕ್ಟರ ಹತ್ತಿರ ಹೋಗುವುದನ್ನು ಮುಂದಕ್ಕೆ ಹಾಕಿದ, ಆ ಹೆಮ್ಮೆಯಿಂದಾಗಿ ಗುಳ್ಳೆಯ ಮೇಲೆ ಅಷ್ಟು ಸಿಟ್ಟೂ ಬರಲಿಲ್ಲ. ಗುಳ್ಳೆ ಹೋಗಿ ಮತ್ತೆ ಬಂದು, ರೆಪ್ಪೆಗೂದಲು ಉದುರಿ, ಅಂಚು ಹಳದಿಗಟ್ಟಿ ದಪ್ಪಗಾದಾಗ ಡಾಕ್ಟರ್ ತಿಯೂರ್ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಕುರು ಅಲ್ಲ ಪಾಕ್. ಇದನ್ನಿಟ್ಕೊಂಡು ಒಂದು ವರ್ಷ ಏನ್ ಮಾಡ್ತಾ ಇದ್ರಿ?" ಎಂದಿದ್ದರು. ಝರಿಯ ಕಥೆಯನ್ನು ಬೇರೆ ದ್ವೀಪದ ತೋಬಾ ಸರೋವರದ ದಡದಿಂದ ಬಂದ ಆ ಹೆಂಗಸಿಗೆ ಹೇಗೆ ಹೇಳುವುದು? ಹೇಳಿದವಳು ರಸ್ನಿ. ಹೇಳುತ್ತಾ ಹೇಳುತ್ತಾ ನಗಲು ಹೋಗಿ ಅತ್ತುಬಿಟ್ಟಳು. "ನಾನೇ ಡಾಕ್ಟರ್, ನಾನೇ ಎಲ್ರಿಗಿಂತ ಜಾಸ್ತಿ ಆಡ್ಕೊಂಡಿದ್ದು" ಎಂದಳು. ಆಮೇಲೆ ಗಂಟು ಪೂರ್ತಿ ಬಂದಿದೆ, ಅಂಚಿನಲ್ಲಿ ಏನೂ ಉಳಿದಿಲ್ಲ ಎಂದು ಕಾಗದ ಬಂದ ದಿನ ಅವಳು ಊರಿನ ಮೂರೂ ಗುಡಿಗೆ ಹೂವು ಒಯ್ದಳು. ಅವತ್ತಿನಿಂದ ಸ್ಕೂಟರಿನ ಮುಂದಿನ ಸೀಟು ಅವಳದಾಯಿತು.

ಚಿಂತೆ ಕಿವಿಯದು. ನ್ಯೋಮನ್ ಪಾಂಡೆಗಳ ಮನೆಯವನು, ಕಂಚು ಎರೆದು ಗಂಟೆ ಜಾಗಟೆ ಗಂಗ್ಸಾ ಮಾಡುವವರ ಪೈಕಿ. ಎರೆಯುವುದನ್ನು ತೋಳಿದ್ದವರೆಲ್ಲ ಮಾಡುತ್ತಾರೆ. ಶ್ರುತಿ ಮಾಡುವುದಕ್ಕೆ ಮಾತ್ರ ಕಿವಿ ಬೇಕು, ಆ ಕಿವಿ ಸುತ್ತಲಿನ ಹತ್ತು ಹಳ್ಳಿಗೆ ಅವನೊಬ್ಬನದೇ. ಗಂಗ್ಸಾ ಎಂದರೆ ಕಂಚಿನ ಪಟ್ಟಿಗಳನ್ನು ಸಾಲಾಗಿ ಜೋಡಿಸಿ ಸುತ್ತಿಗೆಯಿಂದ ಬಾರಿಸುವ ವಾದ್ಯ, ಅದು ಯಾವಾಗಲೂ ಜೋಡಿ. ಒಂದರ ಪಟ್ಟಿಗಿಂತ ಇನ್ನೊಂದರ ಅದೇ ಪಟ್ಟಿ ಒಂದೆಳೆ ಏರು. ಎರಡನ್ನೂ ಒಟ್ಟಿಗೆ ಬಾರಿಸಿದಾಗ ಆ ಒಂದೆಳೆಯ ಜಗಳದಿಂದ ನಾದ ನಡುಗುತ್ತದೆ, ಅಲೆ ಏಳುತ್ತದೆ. ಒಂದು ಉಸಿರಿಗೆ ಏಳೆಂಟು ಅಲೆ. ಅಲೆಯಿದ್ದರೆ ಕಂಚಿಗೆ ಜೀವ ಬಂತು ಎನ್ನುತ್ತಾರೆ, ಇಲ್ಲದಿದ್ದರೆ ಅದು ಅಂಗಡಿಯ ಪಾತ್ರೆ. ಕಿವಿಯಿಂದ ಚೂರು ತೆಗೆಯುವ ಮೊದಲು ಡಾಕ್ಟರ್ ಚಿತ್ರ ಬರೆದು ತೋರಿಸಿದ್ದರು: ಇದು ಹೊರಗಿನ ಕಿವಿ ಪಾಕ್, ಕೇಳೋದು ಒಳಗೆ, ಈ ಕಿವಿ ಬರೀ ಕನ್ನಡಕ ಸಿಕ್ಕಿಸ್ಕೊಳ್ಳೋಕೆ. ಅವನು ತಲೆಯಾಡಿಸಿದ್ದ. ಆದರೆ ಕಟ್ಟು ಬಿಚ್ಚಿದ ದಿನ ಬೆರಳಿನಿಂದ ಮುಟ್ಟಿದರೆ ಕಿವಿ ಬೇರೆ ಯಾರದೋ ಆಗಿತ್ತು. ಜಿಗುಟಿದರೂ ಗೊತ್ತಾಗುತ್ತಿರಲಿಲ್ಲ. ಮುಟ್ಟಿದ್ದೇ ಗೊತ್ತಾಗದ ಕಿವಿಗೆ ಒಂದೆಳೆಯ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? ಈ ಪ್ರಶ್ನೆಯನ್ನು ಅವನು ಯಾರಿಗೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂದು ಹೆದರಿಕೆಯಾಗಿತ್ತು.

ಅಪ್ಪನಿಗೆ ಉತ್ತರ ಯಾರೂ ಕೊಟ್ಟಿರಲಿಲ್ಲ. ಅಪ್ಪನ ಕಿವಿ ಎಪ್ಪತ್ತರ ಹತ್ತಿರ ಮಂದವಾಯಿತು. ಅಪ್ಪ ಮೊದಲಿನ ಹಾಗೇ ಬೆಳಗಿನ ಹೊತ್ತು ಕಂಬಕ್ಕೆ ಒರಗಿ ಕೂತು, ಪಟ್ಟಿಯನ್ನು ತೊಡೆಯ ನಡುವೆ ಸಿಕ್ಕಿಸಿ, ಬಡಿದು, ತಲೆ ಓರೆ ಮಾಡಿ, ಅರದಿಂದ ಉಜ್ಜಿ, ಮತ್ತೆ ಬಡಿದು, ಸರಿಹೋಯ್ತು ಎಂದು ಬದಿಗಿಡುತ್ತಿದ್ದ. ಸರಿಹೋಗಿರುತ್ತಿರಲಿಲ್ಲ. ಮಧ್ಯಾಹ್ನ ಅಪ್ಪ ಊಟ ಮಾಡಿ ಮಲಗಿದ ಮೇಲೆ ನ್ಯೋಮನ್ ಆ ಪಟ್ಟಿಗಳನ್ನು ಹಿತ್ತಲಿಗೆ ಒಯ್ದು ಮತ್ತೆ ಉಜ್ಜಿ ಸರಿಮಾಡಿ ಅದೇ ಜಾಗದಲ್ಲಿ ತಂದಿಡುತ್ತಿದ್ದ. ನಾಲ್ಕು ವರ್ಷ. ಊರಿನವರು ಬಂದು ವಾದ್ಯ ಒಯ್ಯುವಾಗ ಅಪ್ಪನ ಕೈ ಹಿಡಿದು, ನಿಮ್ಮ ಕಿವಿಗೆ ಸಾಟಿಯಿಲ್ಲ ಎನ್ನುತ್ತಿದ್ದರು, ಅಪ್ಪ ಹಿಗ್ಗುತ್ತಿದ್ದ, ನ್ಯೋಮನ್ ಹಿಂದೆ ನಿಂತು ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಒಳ್ಳೆಯ ಮಗ ಎಂದೇ ಆಗ ತನ್ನನ್ನು ತಾನು ಅಂದುಕೊಂಡದ್ದು. ಒಂದು ಸಲ ಅಪ್ಪ ಬೇಗ ಎದ್ದುಬಂದು ಪಟ್ಟಿಯ ಹೊಟ್ಟೆಗೆ ಅಂಗೈ ಹಚ್ಚಿದ. ಅದು ಉಜ್ಜಿ ಇನ್ನೂ ಬೆಚ್ಚಗಿತ್ತು. ಅಪ್ಪ ಸ್ವಲ್ಪ ಹೊತ್ತು ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದ. ಆಮೇಲೆ ಕಾಫಿ ಕೊಡು ಎಂದ. ಈಗ ಸ್ಕೂಟರು ಗಿಯಾನ್ಯಾರಿನ ಸಿಗ್ನಲ್ಲಿನಲ್ಲಿ ನಿಂತಾಗ ನ್ಯೋಮನ್‌ಗೆ ಆ ಅಂಗೈ ನೆನಪಾಗಿ ಮೈ ಬಿಸಿಯಾಯಿತು. "ಯಾಕೆ ಜಾಕೀಟು ಹರೀತೀಯಾ?" ಎಂದಳು ರಸ್ನಿ. ಅವನು ಹಿಡಿತ ಸಡಿಲಿಸಿದ.

ಕುಬು ಕೇರಿಯವರು ಬಂದದ್ದು ಮೂರನೆಯ ವಾರದಲ್ಲಿ. ಅವರ ಗಂಗ್ಸಾದ ಐದನೆಯ ಪಟ್ಟಿ ಬಿರುಕು ಬಿಟ್ಟಿತ್ತು, ಗುಡಿಯ ಹಬ್ಬಕ್ಕೆ ಮೂರು ದಿನ ಉಳಿದಿತ್ತು. ಹೊಸ ಪಟ್ಟಿ ಎರೆದಾಗಿದೆ, ಜೋಡಿಗೆ ಹೊಂದಿಸಿ ಕೊಟ್ಟರೆ ಸಾಕು, ಆಗದಿದ್ದರೆ ಬೇಡ, ಎಂದು ಮುಖ್ಯಸ್ಥ ಪಾಕ್ ರೆಜೆಂಗ್ ನೆಲ ನೋಡುತ್ತಾ ಹೇಳಿದ. ಆ 'ಆಗದಿದ್ದರೆ ಬೇಡ' ನ್ಯೋಮನ್‌ಗೆ ನಾಟಿತು. ಡಾಕ್ಟರ್ ಕಂಚಿನ ಪುಡಿಯ ಹತ್ತಿರ ಸುಳಿಯಬೇಡಿ ಎಂದಿದ್ದರು, ರಸ್ನಿ ಸಂತೆಗೆ ಹೋಗಿದ್ದಳು. ಅವನು ಕಣ್ಣಿಗೆ ಟವೆಲು ಸುತ್ತಿಕೊಂಡು ಕೂತ. ಹೊಸ ಪಟ್ಟಿ ತಗ್ಗಿನದು, ತುದಿ ಉಜ್ಜಿದಷ್ಟೂ ಏರುತ್ತದೆ, ಜೋಡಿಯ ಹತ್ತಿರ ಬಂದಷ್ಟೂ ಅಲೆ ನಿಧಾನವಾಗುತ್ತದೆ, ಎಲ್ಲಿ ನಿಲ್ಲಿಸಬೇಕೆಂದು ಕೈಗೆ ಗೊತ್ತು. ಅವತ್ತು ಕೈ ನಿಲ್ಲಿಸಲು ಹೋದಾಗ ಕಿವಿಯಲ್ಲಿ ನಡುಕ ಕೇಳಿಸಿತು. ಈ ನಡುಕ ಕಂಚಿನದೋ, ಕೊಯ್ದ ಕಿವಿಯದೋ? ಬಲಗಿವಿ ಮುಚ್ಚಿ ಕೇಳಿದ, ಎಡಗಿವಿ ಮುಚ್ಚಿ ಕೇಳಿದ. ಅಷ್ಟು ಕೇಳಿದ ಮೇಲೆ ಯಾವ ಕಿವಿಯ ಮೇಲೂ ನಂಬಿಕೆ ಉಳಿಯಲಿಲ್ಲ. ನಡುಕ ಕಿವಿಯ ರೋಗ ಎಂದು ತೀರ್ಮಾನವಾಗಿಬಿಟ್ಟಿತು. ಇನ್ನೊಂದಿಷ್ಟು ಉಜ್ಜಿದ. ನಡುಕ ನಿಧಾನವಾಯಿತು. ಇನ್ನೊಂದಿಷ್ಟು. ಕೊನೆಗೆ ತಲೆಯೊಳಗೆ ಎಲ್ಲ ಶಾಂತವಾದಾಗ ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ಶಾಂತವಾದದ್ದು ಕಂಚೇ ಇರಬಹುದು ಎಂದು ಹೊಳೆಯಲಿಲ್ಲ. ಹಸಿ ಗಾಯವಿದ್ದವನು ಗುಡಿಯೊಳಗೆ ಹೋಗುವಂತಿಲ್ಲ, ಹಾಗಾಗಿ ಹಬ್ಬದ ದಿನ ಮನೆಯಲ್ಲೇ ಉಳಿದ. ಮರುದಿನ ರೆಜೆಂಗ್ ಬಾಳೆಲೆಯಲ್ಲಿ ಹಬ್ಬದ ಊಟ ಕಟ್ಟಿಕೊಂಡು ಬಂದು, "ಚೆನ್ನಾಗಿತ್ತು, ಬಾಳ ಚೆನ್ನಾಗಿತ್ತು" ಎಂದ. ಎರಡು ಸಲ ಯಾಕೆ ಹೇಳಿದ? ಊಟ ಯಾಕೆ ತಂದ? ಆವತ್ತಿನಿಂದ ನ್ಯೋಮನ್ ಎದುರಿಗೆ ಸಿಕ್ಕವರ ಮುಖದಲ್ಲಿ, ಅಪ್ಪನ ಹಿಂದೆ ನಿಂತು ತಲೆಯಾಡಿಸುತ್ತಿದ್ದ ತನ್ನದೇ ಮುಖವನ್ನು ಹುಡುಕತೊಡಗಿದ. ಒಕ್ಕಣ್ಣಿನಲ್ಲಿ ಹುಡುಕುವುದು ಕಷ್ಟವೇ. ಎಲ್ಲರೂ ಹಾಗೇ ಕಾಣುತ್ತಿದ್ದರು.

ಆಸ್ಪತ್ರೆಯಲ್ಲಿ ಹಸಿರು ಅಂಗಿ ತೊಡಿಸಿ ಮೇಜಿನ ಮೇಲೆ ಮಲಗಿಸಿದಾಗ ಅವನು ಮೊದಲು ಕೇಳಿದ್ದು, ಬೆಟ್ಟ ಯಾವ ಕಡೆ ಎಂದು. ನರ್ಸಿಗೆ ಒಡನೆ ಅರ್ಥವಾಯಿತು. "ಕಾಲಿನ ಕಡೆ ಪಾಕ್. ಏನೂ ಅಂದ್ಕೋಬೇಡಿ, ದೀಪನ ಈ ಕಡೆಗೇ ಮೊಳೆ ಹೊಡ್ದು ಕೂರ್ಸಿದಾರೆ, ತಲೆ ಇಲ್ಲೇ ಬರ್ಬೇಕು." ದೇವರಿರುವ ಬೆಟ್ಟದ ಕಡೆ ಕಾಲು ಚಾಚಿ, ಕಡಲ ಕಡೆ ತಲೆ ಹಾಕಿ, ಹೆಣದ ಹಾಗೆ ಮಲಗಿ ಹೊಸ ಕಣ್ಣು ತೆರೆಯುವುದೆಂದರೇನು? ಅವನು ಮೊಣಕಾಲು ಮಡಿಸಿಕೊಂಡ. "ಕಾಲು ನೆಟ್ಟಗೆ ಮಾಡಿ ಪಾಕ್, ಹೆರಿಗೆಗೆ ಬಂದಿಲ್ಲ ನೀವು" ಎಂದು ಬಾಗಿಲಿನಿಂದಲೇ ಡಾಕ್ಟರ್ ತಿಯೂರ್ ಗದರಿದರು. ಅವರ ದನಿ ಯಾವಾಗಲೂ ಕೆರೆಯ ಆಚೆ ದಡಕ್ಕೆ ಕೂಗಿದ ಹಾಗಿರುತ್ತಿತ್ತು. ಸೂಜಿ ಚುಚ್ಚಿದರು, ಉರಿಯಿತು, ಆಮೇಲೆ ಕೆನ್ನೆಯವರೆಗೂ ಜೋಮು ಹಿಡಿಯಿತು. ಆರು ವಾರದಿಂದ ಎಡಗಣ್ಣು ನೋಡುತ್ತಿದ್ದದ್ದು ಕತ್ತಲೆಯನ್ನಲ್ಲ, ತನ್ನದೇ ಚರ್ಮದ ಹಿಂದಿನ ಒಂದು ಕಂದುಗೆಂಪನ್ನು. ದೀಪ ಹಾಕಿದಾಗ ಅದು ಕಿತ್ತಳೆಯಾಯಿತು. ಬಲಗಣ್ಣಿಗೆ ಬಟ್ಟೆ ಮುಚ್ಚಿದ್ದರು.

"ಮಾತು ಕೇಳ್ತಾ ಇದ್ರೆ ಹೆದ್ರಿಕೆ ಆಗಲ್ಲ ಪಾಕ್" ಎಂದಳು ನರ್ಸು. ಕೊಮಾಂಗ್ ಸುತಿ ಅಂತ ಹೆಸರು, ಈ ಕೋಣೆಗೆ ಬಂದು ಎರಡು ವಾರವಾಯಿತು ಎಂದು ಆಗಲೇ ಹೇಳಿಕೊಂಡಿದ್ದಳು. "ನಾನು ಮಾತಾಡ್ತೀನಿ, ನೀವು ತಲೆ ಮಾತ್ರ ಅಲ್ಲಾಡಿಸ್ಬೇಡಿ."

"ಇವ್ಳಿಗೆ ಯಾರಾದ್ರೂ ಹೇಳ್ಬೇಕಿತ್ತಾ ಮಾತಾಡು ಅಂತ" ಎಂದರು ಡಾಕ್ಟರ್. ಕತ್ತರಿಯ ತಣ್ಣನೆಯ ಬೆನ್ನು ಎಲ್ಲೋ ದೂರದಲ್ಲಿ ತಗುಲಿತು.

"ಏನ್ ಮಾಡ್ಲಿ ಡಾಕ್ಟರ್, ಮನೇಲಿ ನಂಗೆ ಮಾತಾಡೋಕೆ ಬಿಡೋರೇ ಇಲ್ಲ. ನಮ್ಮನೆಯವ್ರು ಗಂಗ್ಸಾ ಬಾರಿಸ್ತಾರೆ. ಮೂರು ವಾರದಿಂದ ಊಟಕ್ಕೆ ಕೂತ್ರೂ ಅದೇ ಗೋಳು, ಐದನೇ ಪಟ್ಟಿ ಸತ್ತೋಯ್ತು, ಐದನೇ ಪಟ್ಟಿ ಸತ್ತೋಯ್ತು ಅಂತ."

"ಪಟ್ಟಿ ಸಾಯೋದು ಅಂದ್ರೇನು?"

"ಜೋಡಿ ಎರಡೂ ಒಂದೇ ಥರ ಕೂಗುತ್ತೆ. ಒಂದೇ ಅಂದ್ರೆ ಒಂದೇ ಡಾಕ್ಟರ್, ಕೂದಲೆಳೆಯಷ್ಟೂ ಫರಕಿಲ್ಲ."

"ಒಳ್ಳೇದಲ್ವೇನೇ ಅದು? ನಮ್ಮ ಚರ್ಚಲ್ಲಿ ಇಬ್ರು ಹಂಗೆ ಹಾಡಿದ್ರೆ ಪಾದ್ರಿ ಕಣ್ಣೀರು ಹಾಕ್ತಾರೆ."

"ನಿಮ್ಮಲ್ಲಿ ಹಾಕ್ತಾರೆ ಖುಷಿಗೆ, ನಮ್ಮಲ್ಲಿ ಹಾಕ್ತಾರೆ ದುಃಖಕ್ಕೆ. ಅಲೆನೇ ಏಳಲ್ವಲ್ಲ! ಮಿಕ್ಕ ಪಟ್ಟಿ ಎಲ್ಲ ಝೇಂಕಾರ ಮಾಡುತ್ತೆ, ಐದಕ್ಕೆ ಬಂದ್ರೆ ಟಕ್ ಅಂತ ಬಾಗಿಲು ಹಾಕ್ದಂಗೆ. ಮಾಡಿದೋರು ಬೇರೆ ಬಾಳ ದೊಡ್ಡ ಹೆಸರಿನವ್ರಂತೆ. ಪಾಪ, ವಯಸ್ಸಾಯ್ತು, ಅದ್ರ ಮೇಲೆ ಕಣ್ಣಿಗೇನೋ ಆಗಿ ಆಪರೇಶನ್ ಮಾಡಿ, ಕಿವಿನೂ ಕತ್ತ..."

ಮಾತು ಅಲ್ಲೇ ನಿಂತಿತು. ನರ್ಸು ಈಗ ಅವನ ಎಡಗಿವಿಯ ಹಿಂದಿನ ಗಾಯದ ಗೆರೆಯನ್ನು ನೋಡುತ್ತಿದ್ದಾಳೆ ಎಂದು ನೋಡದೆಯೇ ಅವನಿಗೆ ಗೊತ್ತಾಯಿತು. "ಅಯ್ಯೋ ದೇವ್ರೇ" ಎಂದಳು ಅವಳು, ಸಣ್ಣ ದನಿಯಲ್ಲಿ.

ಅವಮಾನ ಮೊದಲು ಬಂತು. ಹೊಟ್ಟೆಯಿಂದ ಎದ್ದು ಜೋಮು ಹಿಡಿಯದ ಬಲಗೆನ್ನೆಗೆ ಮಾತ್ರ ಬಂತು. ಮೂರು ವಾರ! ಇಡೀ ಕುಬು ಕೇರಿಗೆ ಗೊತ್ತಿತ್ತು, ಊಟಕ್ಕೆ ಕೂತಾಗಲೆಲ್ಲ ಮಾತಾಡಿಕೊಂಡಿದ್ದಾರೆ, ಚೆನ್ನಾಗಿತ್ತು ಬಾಳ ಚೆನ್ನಾಗಿತ್ತು ಎಂದು ಬಾಳೆಲೆಯ ಊಟ ತಂದಿದ್ದಾರೆ, ತಾನು ಅದನ್ನು ತಿಂದು ಬೆರಳು ನೆಕ್ಕಿದ್ದಾನೆ. ಅಪ್ಪನ ಜಾಗಕ್ಕೆ ಬಂದು ಕೂತಾಯಿತು. ಕಂಬಕ್ಕೆ ಒರಗುವುದೊಂದೇ ಬಾಕಿ. ಹಾಗೆ ಅಂದುಕೊಳ್ಳುತ್ತಿರುವಾಗಲೇ ನರ್ಸಿನ ಇನ್ನೊಂದು ಮಾತು ಹಿಂದಿನಿಂದ ಬಂದು ಅವನನ್ನು ತಿವಿಯಿತು. ಒಂದೇ ಅಂದರೆ ಒಂದೇ. ಕೂದಲೆಳೆಯಷ್ಟೂ ಫರಕಿಲ್ಲ. ತಡಿ, ತಡಿ. ಅಪ್ಪ ಕಿವಿ ಹೋದ ಮೇಲೆ ಮಾಡಿದ ಪಟ್ಟಿಗಳು ಹೇಗಿರುತ್ತಿದ್ದವು? ಒಂದು ಅಲ್ಲಿ, ಒಂದು ಇಲ್ಲಿ, ಕುಡಿದು ಮನೆಗೆ ಹೋಗುವ ಇಬ್ಬರ ಹಾಗೆ. ಎಂದಾದರೂ ಒಂದೇ ಆಗಿದ್ದವೇ? ಎರಡು ಪಟ್ಟಿಯನ್ನು ಕೂದಲೆಳೆಯಷ್ಟೂ ಫರಕಿಲ್ಲದ ಹಾಗೆ ಕೂಡಿಸಬೇಕಾದರೆ ಕೊನೆಯ ಅಲೆಯನ್ನು, ಒಂದು ಉಸಿರಿಗೆ ಒಂದೇ ಒಂದು ಏಳುವ ಆ ಸೋಮಾರಿ ಅಲೆಯನ್ನು, ಕೇಳಿ, ಹಿಂದೆ ಬಿದ್ದು, ಉಜ್ಜಿ ಸಾಯಿಸಬೇಕು. ಕಿವುಡನ ಕೈಯಲ್ಲಿ ಆಗುವ ಕೆಲಸವಲ್ಲ ಅದು. ನಡುಕ ಕಿವಿಯದಾಗಿರಲಿಲ್ಲ! ಕಂಚು ಅವನಿಗೆ ನಿಜವನ್ನೇ ಹೇಳಿತ್ತು, ಕಿವಿ ಅದನ್ನು ಸರಿಯಾಗಿಯೇ ಕೇಳಿತ್ತು, ನಂಬದೆ ಹೋದವನು ಮಾತ್ರ ಅವನು. ದಡ್ಡ! ಐವತ್ತೆಂಟು ವರ್ಷದ ಶುದ್ಧ ದಡ್ಡ! ಎಂಥ ಕಿವಿಯಪ್ಪಾ ಇದು, ಕೊಯ್ದ ಮೇಲೂ ಇಷ್ಟು ಕೇಳುತ್ತದೆಯೇ? ಹೊಟ್ಟೆ ಕುಲುಕತೊಡಗಿತು.

"ಪಾಕ್! ನಗ್ಬೇಡಿ! ಅಂಚು ಕೊಯ್ತಾ ಇದೀನಿ, ಸೊಟ್ಟ ಆದ್ರೆ ನನ್ನನ್ನ ಬೈಬೇಡಿ!"

"ಇಲ್ಲ ಇಬು ಡಾಕ್ಟರ್" ಎಂದ ಅವನು. ಹೊಟ್ಟೆ ಇನ್ನೂ ಕುಲುಕುತ್ತಲೇ ಇತ್ತು. ಕೊಮಾಂಗ್ ಸುತಿ ಅವನ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ಒತ್ತಿ ಹಿಡಿದು, "ಕ್ಷಮಿಸಿ ಪಾಕ್, ಕ್ಷಮಿಸಿ ಪಾಕ್" ಎನ್ನುತ್ತಿದ್ದಳು. ಅದರಿಂದ ನಗು ಇನ್ನಷ್ಟು ಬಂತು.

ಆಮೇಲೆ ಕಿತ್ತಳೆಯ ನಡುವೆ ಬಿಳಿಯ ಗೆರೆಯೊಂದು ಮೂಡಿತು. ಗೆರೆ ಅಗಲವಾಯಿತು, ನೀರಿನೊಳಗಿಂದ ನೋಡಿದ ಹಾಗೆ ಒಂದು ನೀಲಿ ಬಂತು, ನೀಲಿಯ ಮೇಲೆ ಎರಡು ಕಣ್ಣು. ಡಾಕ್ಟರದು. ಅವು ಅವನ ಕಣ್ಣನ್ನು ನೋಡುತ್ತಿರಲಿಲ್ಲ, ರೆಪ್ಪೆಯನ್ನು ನೋಡುತ್ತಿದ್ದವು, ತಾನು ಉಜ್ಜಿ ಮುಗಿಸಿದ ಪಟ್ಟಿಯನ್ನು ನ್ಯೋಮನ್ ನೋಡುವ ಹಾಗೇ. ಮುಚ್ಚಿ ಎಂದರು. ಎಲ್ಲಿಂದ ಮುಚ್ಚಬೇಕು ಎಂದು ಹುಡುಕಿ ಮುಚ್ಚಿದ. ತೆಗೀರಿ ಎಂದರು. ತೆಗೆದ. ಹೊಸ ಚರ್ಮ ಒದ್ದೆಯ ದೋಣಿಯ ಹಾಗೆ ಭಾರವಾಗಿ ಮೇಲೇರಿತು, ಆದರೆ ಏರಿತು. ಕೈಗನ್ನಡಿಯಲ್ಲಿ ಒಂದು ಕೂದಲೂ ಇಲ್ಲದ ಬೋಳು ರೆಪ್ಪೆ ಕಂಡಿತು, ಬಲಗಣ್ಣಿಗಿಂತ ಸ್ವಲ್ಪ ಸಣ್ಣದಾಗಿ ತೆರೆದು ಯಾರ ಮೇಲೋ ಅನುಮಾನಪಡುವ ಹಾಗಿತ್ತು. "ಕೂದಲು ಬರಲ್ಲ, ಅದು ಹಂಗೇ" ಎಂದರು ಡಾಕ್ಟರ್, "ಮುಲಾಮು ಹಚ್ಕೊಳ್ಳಿ, ಈ ಪಾರದರ್ಶಕ ಮುಚ್ಚಳ ಹಾಕ್ಕೊಂಡಿರಿ. ಧೂಳು ಬೇಡ, ಕಂಚಿನ ಪುಡಿಯಂತೂ ಕನಸಲ್ಲೂ ಬೇಡ. ಮುಂದಿನ ಬುಧವಾರ ಬನ್ನಿ. ಮತ್ತೆ, ಝರಿ ಹತ್ರ ಹೋಗ್ಬೇಡಿ." ಹೊರಗೆ ಕಾಯುತ್ತಿದ್ದ ರಸ್ನಿ ಎದ್ದು ನಿಂತು ಅವನ ಎಡಗಣ್ಣನ್ನೇ ನೋಡಿದಳು. ಅವಳು ಎರಡು ಕಣ್ಣಿಗೂ ಕಂಡದ್ದು ಆರು ವಾರದ ಮೇಲೆ ಇದೇ ಮೊದಲು, ಮುಲಾಮಿನಿಂದಾಗಿ ಮಸುಕಾಗಿ, ಅಂಚೆಲ್ಲ ಕರಗಿ. ಅವಳು ಚಂದ ಕಂಡಳು, ಅದನ್ನು ಹೇಳಿದ ಕೂಡ. "ಔಷಧಿ ಇಳೀಲಿ ತಡಿ, ಸರಿಯಾಗಿ ಕಾಣ್ಸುತ್ತೆ" ಎಂದಳು. ಆದರೆ ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡಳು.

ವಾಪಸು ಬರುವಾಗ ಎಡಕ್ಕೆ ಗದ್ದೆಗಳಿದ್ದವು, ಗದ್ದೆಗಳ ಮೇಲೆ ಬೆಟ್ಟವಿತ್ತು, ಎಲ್ಲವೂ ಇತ್ತು. ಅವನು ಸೊಂಟ ಹಿಡಿದುಕೊಂಡೇ ಕೂತಿದ್ದ. ನರ್ಸು ಹೇಳಿದ್ದನ್ನೆಲ್ಲ ಅವಳ ಹೆಲ್ಮೆಟ್ಟಿಗೆ ಬಾಯಿ ಹಚ್ಚಿ ಕೂಗಿ ಹೇಳಿದ: ಪಟ್ಟಿ ಸತ್ತಿದೆಯಂತೆ, ಊರಿಗೆಲ್ಲ ಗೊತ್ತಂತೆ, ನನಗೊಬ್ಬನಿಗೇ ಗೊತ್ತಿಲ್ಲ. ಸ್ಕೂಟರು ನಿಧಾನವಾಯಿತು.

"ಲುಹ್" ಎಂದು ಹೆಂಡತಿಯನ್ನು ಕರೆದ, "ನಿಂಗೂ ಗೊತ್ತಿತ್ತಾ?"

ಅವಳು ಬದಿಗೆ ನಿಲ್ಲಿಸಿದಳು. ಇಂಜಿನ್ನು ಆರಿಸಲಿಲ್ಲ. "ಯಾರು ಹೇಳಿದ್ದು ಅಂತ ಗೊತ್ತಾದ್ರೆ ಅವ್ರು ಐದು ಕಿಲೋ ಅಕ್ಕಿ ದಂಡ ಕಟ್ಬೇಕು" ಎಂದಳು.

"ಏನು?"

"ಮೀಟಿಂಗ್ ಮಾಡಿದ್ರು ಬ್ಲಿ. ನಿಂಗೆ ಯಾರೂ ಹೇಳಬಾರ್ದು, ಹೇಳಿದೋರಿಗೆ ಐದು ಕಿಲೋ ಅಂತ. ನನ್ನನ್ನೂ ಕರ್ಸಿದ್ರು. ರೆಜೆಂಗ್ ಅತ್ಕೊಂಡು ಹೇಳಿದ, ಮೂವತ್ತು ವರ್ಷ ನಮ್ಗೆ ಶ್ರುತಿ ಮಾಡ್ಕೊಟ್ಟಿದಾನೆ, ಈಗ ಅವ್ನ ಕಣ್ಣು ಹೋಗಿ ಕಿವಿ ಹೋಗಿ ಇರೋವಾಗ ಹೆಂಗೆ ಹೇಳೋದು ಅಂತ. ಐದನೇ ಪಟ್ಟಿ ಬರೋ ಜಾಗನೆಲ್ಲ ಬಿಟ್ಟು ಬಾರ್ಸೋಕೆ ಕಲ್ತ್ಕೊಂಡ್ರು. ಹಬ್ಬದಲ್ಲಿ ಹಂಗೇ ಬಾರ್ಸಿದ್ದು." ಅವಳು ಹೆಲ್ಮೆಟ್ಟಿನ ಗಾಜು ಎತ್ತಿದಳು, ಕಣ್ಣು ಕೆಂಪಾಗಿತ್ತು. "ಕಣ್ಣಿಗೆ ಆಡ್ಕೊಂಡು ಒಂದ್ಸಲ ತಪ್ಪು ಮಾಡ್ದೆ. ಕಿವಿ ವಿಷ್ಯಕ್ಕೆ ನಾನು ಬಾಯಿ ಬಿಡಲ್ಲ ಅಂತ ಹರಕೆ ಹೊತ್ತಿದ್ದೆ."

"ಕಿವಿ ಹೋಗಿಲ್ಲ ಕಣೇ! ಅದನ್ನೇ ಹೇಳ್ತಾ ಇರೋದು ನಾನು. ತಿರುಗ್ಸು, ಕುಬುಗೆ ತಿರುಗ್ಸು."

"ಡಾಕ್ಟರ್ ಮಲ್ಕೋ ಅಂದಿದಾರೆ."

"ಅಲ್ಲೇ ಮಲ್ಕೋತೀನಿ, ತಿರುಗ್ಸು!"

ಕುಬು ಕೇರಿಯ ಸಭಾಮಂಟಪದಲ್ಲಿ ಬಿಸಿಲು ಇಳಿಯುವ ಹೊತ್ತಿಗೆ ಹತ್ತಿಪ್ಪತ್ತು ಗಂಡಸರು ಚಡ್ಡಿ ಬನಿಯನ್ನಿನಲ್ಲಿ ಕೂತು ಬಿದಿರು ಸೀಳುತ್ತಿದ್ದರು. ವಾದ್ಯಗಳು ಮೂಲೆಯಲ್ಲಿ ಬಟ್ಟೆ ಹೊದ್ದಿದ್ದವು. ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿಕೊಂಡು ಸ್ಕೂಟರಿನಿಂದ ಇಳಿದ ನ್ಯೋಮನ್‌ನನ್ನು ನೋಡಿ ಪಾಕ್ ರೆಜೆಂಗ್ ಕಾಫಿ ಲೋಟ ಹಿಡಿದುಕೊಂಡೇ ಎದ್ದ. "ಕಣ್ಣು ಬಿಟ್ಯಾ? ಕಾಣ್ಸುತ್ತಾ? ಒಳ್ಳೇದಾಯ್ತಪ್ಪಾ, ಒಳ್ಳೇದಾಯ್ತು" ಎಂದ. ಎರಡು ಸಲ.

"ಗಂಗ್ಸಾದ ಬಟ್ಟೆ ತೆಗೀರಿ. ಐದನೇ ಪಟ್ಟಿ ಬಿಚ್ಕೊಡಿ."

ಬಿದಿರಿನ ಸದ್ದು ನಿಂತಿತು. "ಯಾಕೆ ನ್ಯೋಮನ್? ಚೆನ್ನಾಗೇ ಇದ್ಯಲ್ಲ" ಎಂದ ರೆಜೆಂಗ್, ನೆಲ ನೋಡುತ್ತಾ.

ನ್ಯೋಮನ್‌ಗೆ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ತಮಾಷೆಯ ಮಾತುಗಳು ಯಾವುದೂ ನೆನಪಿಗೆ ಬರಲಿಲ್ಲ. "ನಮ್ಮಪ್ಪಂಗೆ ನಾನು ನಾಲ್ಕು ವರ್ಷ ಹೀಗೇ ಹೇಳಿದೀನಿ ಪಾಕ್ ರೆಜೆಂಗ್. ನಂಗೆ ಹೇಳ್ಬೇಡಿ" ಎಂದ. "ಅದು ಸತ್ತಿದೆ. ನಾನೇ ಕೊಂದಿದ್ದು. ಕಿವಿ ಸರಿಯಾಗೇ ಕೇಳ್ತಿತ್ತು, ನಾನು ನಂಬ್ಲಿಲ್ಲ ಅಷ್ಟೇ."

ಎಲ್ಲರ ತಲೆಯೂ ಒಟ್ಟಿಗೆ ಮೂಲೆಯಲ್ಲಿದ್ದ ಒಬ್ಬನ ಕಡೆ ತಿರುಗಿತು. ಆಸ್ಪತ್ರೆಯ ನರ್ಸಿನ ಗಂಡ ಗೆಡೆ. "ನಾನಲ್ಲ!" ಎಂದು ಅವನು ಕೈಯೆತ್ತಿದ, "ದೇವ್ರಾಣೆ ನಾನು ಒಬ್ಬಳಿಗೆ ಬಿಟ್ಟು ಯಾರಿಗೂ ಹೇಳಿಲ್ಲ!" ಮೊದಲು ನಕ್ಕವನು ರೆಜೆಂಗ್, ಕಾಫಿ ಬನಿಯನ್ನಿನ ಮೇಲೆ ಚೆಲ್ಲಿತು. ಐದು ಕಿಲೋ, ಐದು ಕಿಲೋ ಎಂದು ಎಲ್ಲರೂ ಕೂಗತೊಡಗಿದರು.

ಪಟ್ಟಿ ಬಿಚ್ಚಿದರು. ನ್ಯೋಮನ್ ಅರಕ್ಕೆ ಕೈ ಚಾಚಿದಾಗ ರಸ್ನಿ ಅದನ್ನು ಎತ್ತಿಕೊಂಡುಬಿಟ್ಟಳು. "ಪುಡಿ ಕನಸಲ್ಲೂ ಬೇಡ ಅಂದಿದಾರೆ. ನೀನು ಆ ಕಂಬದ ಹತ್ರ ದೂರ ಕೂತ್ಕೊ. ನಾನು ಉಜ್ತೀನಿ, ನೀನು ಕೇಳು." ಇಪ್ಪತ್ತು ಗಂಡಸರ ಎದುರು ಪಾಂಡೆಯ ಹೆಂಡತಿ ಅರ ಹಿಡಿದು ಕೂತಳು, ಗಂಡಸರು ಸರಿದು ಜಾಗ ಬಿಟ್ಟರು. ಅವನು ದೂರ ಕೂತ. ಗೆಡೆ ಎರಡನ್ನೂ ಒಟ್ಟಿಗೆ ಬಡಿದ. ಟಕ್. ಎಂಥ ನಿರ್ಮಲವಾದ ಹೆಣ! "ಪಟ್ಟಿಯ ಹೊಟ್ಟೆ ಉಜ್ಜು, ಶ್ರುತಿ ಇಳೀಬೇಕು" ಎಂದ ನ್ಯೋಮನ್. ಅವಳು ಉಜ್ಜಿದಳು, ಗೆಡೆ ಬಡಿದ. ಬಹಳ ದೂರದಲ್ಲಿ ಏನೋ ಮಗ್ಗುಲು ಬದಲಿಸಿತು. "ಇನ್ನೂ." ಒಂದು ಉಸಿರಿಗೆ ಎರಡು. "ಇನ್ನೂ, ಹಗುರಕ್ಕೆ." ನಾಲ್ಕು. ಅವನ ತಲೆ ತಾನಾಗಿ ಓರೆಯಾಯಿತು. ಈಗಲೂ ಒಂದು ಕ್ಷಣ ಅನುಮಾನ ಬಂತು, ಇದು ಕಂಚಿನದೋ ನನ್ನದೋ ಎಂದು. ಬಂದ ಅನುಮಾನವನ್ನು ಅವನು ಹಾಗೇ ಕೂರಲು ಬಿಟ್ಟು ಕೇಳುವುದನ್ನು ಮುಂದುವರಿಸಿದ. "ಇನ್ನೊಂದು ಸಲ. ಸಾಕು! ಸಾಕು ಲುಹ್, ಕೈ ತೆಗಿ!"

ಗೆಡೆ ಬಡಿದ. ಮಂಟಪದ ತುಂಬ ಅಲೆ ಎದ್ದಿತು. ಕಂಬಕ್ಕೆ, ನೆಲಕ್ಕೆ, ಕೂತವರ ಮೊಣಕಾಲಿಗೆ ತಗುಲಿ ನಡುಗಿತು. ನ್ಯೋಮನ್‌ನ ಎಡಗಣ್ಣಿನಿಂದ ನೀರು ತಡೆಯಲು ಒಂದು ಕೂದಲೂ ಇಲ್ಲದೆ ಸೀದಾ ಕೆನ್ನೆಗೆ ಇಳಿದು ಪ್ಲಾಸ್ಟಿಕ್ ಮುಚ್ಚಳದೊಳಗೆ ನಿಂತಿತು. "ಮುಲಾಮು" ಎಂದ ಅವನು, ಯಾರೂ ಕೇಳದಿದ್ದರೂ.

ರೆಜೆಂಗ್ ಬನಿಯನ್ನಿಗೆ ಕೈ ಒರೆಸಿಕೊಂಡು ಮೃದಂಗವನ್ನು ತೊಡೆಗೆಳೆದುಕೊಂಡ. "ಮೂರು ವಾರ ಅದನ್ನ ಹಾರಿ ಹಾರಿ ಕೈಯೆಲ್ಲ ಕೆಟ್ಟೋಗಿದೆ" ಎಂದು ಗೊಣಗಿದ. ಬಿದಿರು ಬಿಟ್ಟು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ವಾದ್ಯದ ಮುಂದೆ ಕೂತರು. ಯಾವುದು ಬಾರಿಸುವುದು ಎಂದು ಯಾರೂ ಕೇಳಲಿಲ್ಲ, ಹಬ್ಬದ್ದೇ ಶುರುವಾಯಿತು. ಮೊದಲು ನಿಧಾನ, ಆಮೇಲೆ ಜೋರು. ಒಂದು, ಮೂರು, ನಾಲ್ಕು ಎಂದು ಪಟ್ಟಿಗಳ ಮೇಲೆ ಸುತ್ತಿಗೆಗಳು ಓಡಿ ಬರುತ್ತಿದ್ದವು. ನ್ಯೋಮನ್ ಎರಡೂ ಕಣ್ಣು ಬಿಟ್ಟು ಅವುಗಳನ್ನೇ ನೋಡುತ್ತಿದ್ದ. ಐದನೆಯ ಪಟ್ಟಿ ಬಂತು. ಯಾರೂ ಅದನ್ನು ಹಾರಿ ಹೋಗಲಿಲ್ಲ.